ತುಳಜಾಬಾಯಿಯ ಚಹಾ ಕುಡಿದವರು

ಗಾಜಿಪುರದ ದೇವಿಂದ್ರಪ್ಪನ ಮನೆಯಲ್ಲಿ ಜಗಳಗಳೆಲ್ಲ ಆಗುವುದು ಊಟದ ಹೊತ್ತಿಗೇ. ಬೇರೆ ಹೊತ್ತಿನಲ್ಲಿ ನಾಲ್ಕು ಮಂದಿ ಒಂದೆಡೆ ಸೇರಿದರೆ ತಾನೇ? ನಂದೂರಿನ ಬ್ಯಾಳಿ ಮಿಲ್ಲಿನಲ್ಲಿ ಹಮಾಲರ ಮುಕಾದಮನಾಗಿದ್ದ ದೇವಿಂದ್ರಪ್ಪ ಈಗ ಪೇಪರು ಹಿಡಿದು ಕಟ್ಟೆ ಕಾಯುತ್ತಾನೆ. ಸೊಸೆ ಯಶೋಧರಾ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಮಗ ವಿಶ್ವಾಸ ಔಷಧಿ ಕಂಪನಿಯ ನೌಕರಿ ಬಿಟ್ಟು, ಖೂಬಾ ಪ್ಲಾಟಿನಲ್ಲಿ ರಕ್ತ ಪರೀಕ್ಷೆಯ ಸ್ವಂತ ಲ್ಯಾಬು ತೆರೆದು ವರ್ಷವಾಗಿತ್ತು. ಇವರೆಲ್ಲರಿಗೂ ರೊಟ್ಟಿ ಬಡಿದು ಹಾಕುವವಳು ದೇವಿಂದ್ರಪ್ಪನ ಹೆಂಡತಿ ತುಳಜಾಬಾಯಿ. ಒಲೆಯ ಮುಂದೆ ಕುಳಿತವಳಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಅವಳ ಮಾತು ಮಾತ್ರ ಯಾರಿಗೂ ಕೇಳಿಸುವುದಿಲ್ಲ ಎಂದು ಮನೆಯವರು ತಿಳಿದುಕೊಂಡಿದ್ದರು. ಅದು ಅವರ ತಪ್ಪು.

“ಅವ್ವಾ, ಬರೋ ಆಯ್ತಾರ ಕಮಲಾಪುರದಾಗ ಕ್ಯಾಂಪ್ ಇಡಾಕತ್ತೀನಿ,” ಎಂದ ವಿಶ್ವಾಸ, ರೊಟ್ಟಿ ಮುರಿಯುತ್ತ. “ಸುಧಾಕರ ಮಾವನ ಪಡಸಾಲ್ಯಾಗ. ನಿನ್ನ ತವರೂರು, ನೀನೇ ಮುಂದ ನಿಂದ್ರಬೇಕು.”

“ಎಂಥಾ ಕ್ಯಾಂಪೋ?”

“ಇನ್ಸುಲಿನ್ ರೆಸಿಸ್ಟೆನ್ಸ್ ಟೆಸ್ಟ್. ಶುಗರ್ ಬರೋಕಿಂತ ಎಷ್ಟೋ ವರ್ಷ ಮೊದ್ಲೇ ಸುಳಿವು ಕೊಡ್ತದ.”

ದೇವಿಂದ್ರಪ್ಪ ನಕ್ಕ. “ಬಂದ ಬ್ಯಾನಿಗೇ ದವಾ ಇಲ್ಲ, ಬರದಿದ್ದ ಬ್ಯಾನಿಗಿ ಟೆಸ್ಟ್ ಬ್ಯಾರೆ.”

“ಹಂಗಲ್ಲ ಮಾವ,” ಎಂದಳು ಯಶೋಧರಾ. “ಉಂಡ ಮ್ಯಾಲ ರಕ್ತದಾಗ ಸಕ್ಕರಿ ಏರ್ತದಲ್ಲ, ಅದನ್ನ ಇಳಸಾಕ ಮೈಯಾಗ ಇನ್ಸುಲಿನ್ ಇರ್ತದ. ಕೆಲವರ ಮೈ ಅದರ ಮಾತು ಕೇಳಂಗಿಲ್ಲ. ಕೇಳಲಿಲ್ಲಂತ ಮೈ ಮತ್ತಷ್ಟು ಇನ್ಸುಲಿನ್ ಸುರೀತದ. ಖಾಲಿ ಹೊಟ್ಟೀಲಿ ರಕ್ತ ತಗದು ಎರಡೂ ಅಳದ್ರ ಗೊತ್ತಾಗ್ತದ. ಛಲೋ ಟೆಸ್ಟೇ ಅದು.”

“ಮಾತು ಕೇಳಲಾರದ್ದಂದ್ರ ನಿಮ್ಮತ್ತಿ ಇದ್ದಂಗ ಅನ್ನು.”

ತುಳಜಾಬಾಯಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

ವಿಶ್ವಾಸನಿಗೆ ತಮಾಷೆ ಬೇಕಿರಲಿಲ್ಲ. “ಈ ಟೆಸ್ಟ್ ಇಲ್ಲಿ ಯಾರೂ ಹಳ್ಳಿಗಿ ಒಯ್ದಿಲ್ಲ. ನಾ ಒಮ್ಮೆ ಒಯ್ದ್ನಂದ್ರ ಆಳಂದ, ಚಿಂಚೋಳಿ, ಜೇವರ್ಗಿ ಎಲ್ಲಾ ನಂದೇ. ಟೆಸ್ಟಿನಾಗ ಉಳಿಯೋದು ಕಮ್ಮಿ. ಟೆಸ್ಟ್ ಆದಮ್ಯಾಲ ಮೂರು ತಿಂಗಳ ಪುಡಿ ಕೋರ್ಸ್ ಅದ, ಕಂಪನಿಯವರು ಕಮಿಷನ್ ಕೊಡ್ತಾರ. ಖರೇ ಫಾಯದಾ ಅಲ್ಲಿ ಅದ. ಅಪ್ಪಾ, ನಮ್ಮ ಅಜ್ಜ ಹಮಾಲಿ ಮಾಡ್ದ, ನೀ ಹಮಾಲರಿಗಿ ಮುಕಾದಮ ಆದಿ. ಖೂಬಾ ಪ್ಲಾಟಿನ ಬೋರ್ಡಿನ ಮ್ಯಾಲ ನಮ್ಮ ಮಂದಿ ಹೆಸರು ಮೊದಲ ನೀ ಎಂದರ ನೋಡಿದ್ದೇನು?”

ಆ ಮಾತಿಗೆ ದೇವಿಂದ್ರಪ್ಪ ತಲೆ ಎತ್ತಿದ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ಕಡೆ ಒಮ್ಮೆ ನೋಡಿ, “ಅದೇನೋ ಖರೇ,” ಎಂದ. ತುಳಜಾಬಾಯಿಗೂ ಎದೆ ತುಂಬಿ ಬಂತು. ಮಗನ ಲ್ಯಾಬು ತವರಿಗೆ ಬರುತ್ತದೆ ಎಂದರೆ ಯಾವ ಹೆಣ್ಣುಮಗಳು ಬೇಡ ಎಂದಾಳು?

ಕ್ಯಾಂಪಿನ ಹಿಂದಿನ ದಿನ ಆಟೋಕ್ಕೆ ಮೈಕು ಕಟ್ಟಿ ಕಮಲಾಪುರದಲ್ಲೆಲ್ಲ ಸಾರಿಸಿದರು: ಅರ್ಧ ರೇಟು, ಬೆಳಿಗ್ಗೆ ಏನೂ ತಿನ್ನದೆ ಬರಬೇಕು. ಅರ್ಧ ರೇಟು ಎಂಬುದು ಎಂಥ ಮಂತ್ರ ನೋಡಿ. ತುಳಜಾಬಾಯಿಯ ತಮ್ಮ ಸುಧಾಕರನ ಮನೆ ಇರುವುದು ಕೆಳಗಿನ ಕೇರಿಯಲ್ಲಿ. ಮೇಲಿನ ಓಣಿಯ ಹೆಂಗಸರು ಆ ಕೇರಿಯನ್ನು ದಾಟುವಾಗ ಸೆರಗು ಒಟ್ಟು ಮಾಡಿಕೊಂಡು ಹೋಗುವವರು. ಆ ಭಾನುವಾರ ಅವರೂ ಬಂದರು. ಬೇರೆಯವರ ಮಾತಿರಲಿ, ಗೌಡಸಾನಿ ಗುರುಬಸವ್ವನೇ ಸೊಸೆಯನ್ನು ಕರೆದುಕೊಂಡು ಬಂದು ಸುಧಾಕರನ ಪಡಸಾಲೆಯ ಕುರ್ಚಿಯ ಮೇಲೆ ಕುಳಿತಳು.

ಸಣ್ಣವಳಿದ್ದಾಗ ತುಳಜಾಬಾಯಿ ಅದೇ ಗೌಡರ ಬಾಳೆ ತೋಟಕ್ಕೆ ಅವ್ವನ ಜತೆ ಕೂಲಿಗೆ ಹೋಗುತ್ತಿದ್ದಳು. ನೀರು ಕೇಳಿದರೆ ಬೊಗಸೆ ಒಡ್ಡಬೇಕು, ಅವರು ಮೇಲಿಂದ ಸುರಿಯಬೇಕು. ಅರ್ಧ ನೀರು ಬಾಯಿಗೆ, ಅರ್ಧ ರವಿಕೆಗೆ. ಈಗ ಆ ಮನೆಯ ಯಜಮಾನಿ ತಮ್ಮನ ಕುರ್ಚಿಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದಾಳೆ. ಇಂಥ ಅತಿಥಿಯನ್ನು ಬಾಯಿ ಒಣಗಿಸಿ ಕೂಡಿಸುವುದು ಹೇಗೆ?

ತುಳಜಾಬಾಯಿ ಸರಸರ ಒಳಗೆ ಹೋಗಿ ತಮ್ಮನ ಹೆಂಡತಿ ಸುಮಂಗಲಾಳಿಗೆ ಹೇಳಿದಳು: “ದೊಡ್ಡ ಪಾತೇಲಿ ಇಡು. ಸಕ್ಕರಿ ಕೈ ಬಿಟ್ಟು ಹಾಕು. ಹೊಸ ಕಪ್ಪು ಬಸಿ ತಗಿ.”

“ಅಕ್ಕಾ, ವಿಶ್ವಾಸ ಏನೂ ತಿನಬಾರದು ಅಂದಾನ.”

“ತಿನ್ನಾಕ ಯಾರು ಕೊಡಾಕತ್ತಾರ? ಚಹಾ ಕುಡಿಯೋದು. ಒಂದು ಕಪ್ ಚಹಾದಿಂದ ಯಾರ ಹೊಟ್ಟಿ ತುಂಬ್ಯದ?”

ಮೊದಲ ಕಪ್ಪು ಗೌಡಸಾನಿಗೆ. ಗುರುಬಸವ್ವ ಕಪ್ಪನ್ನು ನೋಡಿದಳು, ತನ್ನ ಓಣಿಯ ಹೆಂಗಸರನ್ನು ನೋಡಿದಳು. ಓಣಿಯ ಹೆಂಗಸರು ಅವಳನ್ನು ನೋಡಿದರು. ಪಾಳಿ ಉದ್ದವಿತ್ತು, ನಸುಕಿನಲ್ಲಿ ಎದ್ದವರ ಗಂಟಲು ಒಣಗಿತ್ತು, ಚಹಾ ಘಮಘಮ ಎನ್ನುತ್ತಿತ್ತು. ಗೌಡಸಾನಿ ಬಸಿಗೆ ಸುರಿದುಕೊಂಡು ಸುರ್ ಎಂದು ಕುಡಿದಳು. ಅದನ್ನು ನೋಡಿ ಉಳಿದವರೂ ಕೈ ಚಾಚಿದರು. ತುಳಜಾಬಾಯಿ ಎರಡನೇ ಸುತ್ತೂ ಕೊಟ್ಟಳು. ಅವಳ ಜನ್ಮದಲ್ಲಿ ಅಷ್ಟು ಖುಷಿಯಿಂದ ಚಹಾ ಕೊಟ್ಟದ್ದಿಲ್ಲ.

ಪರದೆಯ ಹಿಂದೆ ರಕ್ತ ತೆಗೆಯುತ್ತಿದ್ದ ಲ್ಯಾಬಿನ ಹುಡುಗಿ ಮುಬಶ್ಶಿರಾ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: “ಏನರ ತಿಂದೀರೇನಮ್ಮಾ?” “ಇಲ್ಲವ್ವಾ, ಏನೂ ತಿಂದಿಲ್ಲ.” ಯಾರೂ ಸುಳ್ಳು ಹೇಳಲಿಲ್ಲ. ವಿಶ್ವಾಸ ರಸ್ತೆ ಬದಿಯ ಮೇಜಿನಲ್ಲಿ ರೊಕ್ಕ ತೆಗೆದುಕೊಂಡು ಪಾವತಿ ಹರಿದು ಕೊಡುತ್ತಿದ್ದ. ಎಲ್ಲರಿಗೂ ಧೈರ್ಯ ಬರಲೆಂದು ತುಳಜಾಬಾಯಿ, ಸುಮಂಗಲಾ ಇಬ್ಬರೂ ಕೈ ಚಾಚಿ ರಕ್ತ ಕೊಟ್ಟರು.

ರಿಪೋರ್ಟು ಬಂದ ದಿನ ವಿಶ್ವಾಸ ಮಟನ್ ತಂದ. “ಅವ್ವಾ, ಊರಿಗಿ ಊರೇ ಬಂದದ! ನಿಂದೂ ಬಂದದ. ಸುಮಂಗಲಾ ಅತ್ತೀದು ಬಂದದ, ಗೌಡಸಾನೀದು ಬಂದದ.”

“ಏನು ಬಂದದೋ ಖುಷಿಪಡಾಕ?”

“ರೆಸಿಸ್ಟೆನ್ಸ್. ಹೆದರಬ್ಯಾಡ, ಪುಡಿ ಕುಡದ್ರ ಇಳೀತದ.”

ಯಶೋಧರಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. “ಊರಿಗಿ ಊರೇ ಹ್ಯಾಂಗ ಬರ್ತದ ರೀ? ದಿನಾ ಹೊಲಾ ತೋಟ ದುಡಿಯೋ ಹೆಣ್ಣಮಕ್ಕಳು ಅವ್ರು.”

“ನಿನ್ನ ಪ್ರಶ್ನೆ ಪತ್ರಿಕೆ ಸಾಲ್ಯಾಗ ಇಟ್ಕೋ. ಇಲ್ಲಿ ಯಂತ್ರ ಹೇಳ್ತದ.”

ಪುಡಿಯ ರಟ್ಟಿನ ಪೆಟ್ಟಿಗೆಗಳು ಬಂದು ಮಂಚದ ಕೆಳಗೆಲ್ಲ ತುಂಬಿಕೊಂಡವು. ಕಸ ಗುಡಿಸಲು ಕಸಬರಿಗೆ ಹೋಗದಷ್ಟು. ವಾರಕ್ಕೊಮ್ಮೆ ವಿಶ್ವಾಸ ಒಂದಷ್ಟು ಕಮಲಾಪುರಕ್ಕೆ ಒಯ್ದು ಖಾಲಿ ಕೈಯಲ್ಲಿ ಬರುತ್ತಿದ್ದ. ಜತೆಗೊಂದು ಉಪದೇಶ: ರೊಟ್ಟಿ ಬಿಡಿ, ಅನ್ನ ಬಿಡಿ, ಬಾಳೆಹಣ್ಣಿನ ಮಾತೇ ಬೇಡ. ಕೆಂಪು ಬಾಳೆಗೆ ಹೆಸರಾದ ಊರಿನಲ್ಲಿ ನಿಂತು ಬಾಳೆಹಣ್ಣು ಬಿಡಿ ಎನ್ನಲು ಗುಂಡಿಗೆ ಬೇಕು. ತುಳಜಾಬಾಯಿಯೂ ದಿನಾ ಬೆಳಿಗ್ಗೆ ಆ ಪುಡಿ ಕಲಸಿ ಮೂಗು ಮುಚ್ಚಿ ಕುಡಿದಳು. ಸುಣ್ಣದ ನೀರಿಗೆ ಮೆಂತ್ಯ ಹಾಕಿದಂತಿತ್ತು ಅದರ ರುಚಿ.

ಮೂರನೇ ವಾರದಲ್ಲಿ ಸುಧಾಕರನ ಫೋನು ಬಂತು. ಬಾಳೆಗೊನೆ ಹೊರುವಾಗ ಸುಮಂಗಲಾ ತಲೆ ತಿರುಗಿ ಬಿದ್ದಿದ್ದಳು. ತುಳಜಾಬಾಯಿ ಹಿಟ್ಟು ಕಲಸಿದ ಕೈ ತೊಳೆದುಕೊಂಡು ಬಸ್ಸು ಹತ್ತಿದಳು.

ಸುಮಂಗಲಾ ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಗಲ್ಲಗಳು ಒಳಗೆ ಹೋಗಿದ್ದವು.

“ಏನು ಉಣ್ಣಾಕತ್ತೀ?”

“ಪುಡಿ. ಮತ್ತ ಎರಡು ಸವತಿಕಾಯಿ.”

“ಗೊನಿ ಹೊರಾಕಿ ಸವತಿಕಾಯಿ ಮ್ಯಾಲ ಬದುಕ್ತೀ ಏನ?”

“ನೀನೇ ಮುಂದ ನಿಂತು ಮಾಡಿಸಿದಿ ಅಲ್ಲಕ್ಕಾ. ನೀ ಹೇಳಿದ ಮ್ಯಾಲ ನಾ ಇಲ್ಲ ಅನ್ನಲೇನು? ಬರೇ ನಾನಲ್ಲ, ಇಡೀ ಕೇರಿ ಕುಡಿಯಾಕತ್ತದ. ತುಳಜಕ್ಕ ಹೇಳ್ಯಾಳ ಅಂತ.”

ಆ ಮಾತು ತುಳಜಾಬಾಯಿಗೆ ಕಲ್ಲೇಟಿನಂತೆ ಬಿತ್ತು. ಕೈಯಾರೆ ರೊಟ್ಟಿ ಮಾಡಿ, ಬ್ಯಾಳಿ ಸುರಿದು, ಎದುರಿಗೆ ಕುಳಿತು ಉಣ್ಣಿಸಿಯೇ ಗಾಜಿಪುರಕ್ಕೆ ಮರಳಿದಳು.

ಮನೆಗೆ ಬಂದು ಯಶೋಧರಾಳಿಗೆ ಎಲ್ಲ ಹೇಳಿದಳು. ಯಶೋಧರಾ ಅತ್ತೆಯ ರಿಪೋರ್ಟನ್ನು ಮತ್ತೆ ತೆಗೆದು ನೋಡಿದಳು.

“ಅತ್ತಿ, ಅವತ್ತ ನೀವು ಏನರ ತಿಂದಿದ್ರಿ?”

“ಏನೂ ಇಲ್ಲವ್ವ. ಚಹಾ ಅಷ್ಟೇ.”

“ಸಕ್ಕರಿ ಹಾಕಿದ್ದಾ?”

“ಸಕ್ಕರಿ ಇಲ್ಲದ ಚಹಾ ಮಂದಿಗಿ ಹ್ಯಾಂಗ ಕೊಡೋದು?”

“ಮಂದಿಗಿ?” ಯಶೋಧರಾ ಕಣ್ಣರಳಿಸಿದಳು. “ಎಲ್ಲಾರಿಗೂ ಕೊಟ್ರಾ? ರಕ್ತ ಕೊಡೋಕಿಂತ ಮೊದ್ಲು?”

“ಕೆಲವರಿಗಿ ಎರಡೆರಡು ಸಲ.”

ಸೊಸೆ ಹಣೆ ಬಡಿದುಕೊಂಡು ಹೇಳಿದಳು. ಸಕ್ಕರೆ ಹಾಕಿದ ಚಹಾ ಕುಡಿದ ಮೇಲೆ ಯಾರ ಮೈಯಾದರೂ ಇನ್ಸುಲಿನ್ ಸುರಿಯುತ್ತದೆ, ಅದು ಅದರ ಧರ್ಮ. ಟೆಸ್ಟು ಸುಳ್ಳಲ್ಲ, ರಕ್ತ ಖಾಲಿ ಹೊಟ್ಟೆಯದಲ್ಲ. ಆ ರಿಪೋರ್ಟುಗಳಿಗೆ ಒಲೆ ಹೊತ್ತಿಸುವಷ್ಟೂ ಬೆಲೆ ಇಲ್ಲ.

ಆ ಸಂಜೆ ವಿಶ್ವಾಸ ತಾಟಿನ ಮುಂದೆ ಕೂತ. ತುಳಜಾಬಾಯಿ ಬಡಿಸಲಿಲ್ಲ.

“ತಮ್ಮಾ, ನಂದೊಂದು ತಪ್ಪಾಗ್ಯದ. ಅವತ್ತ ಕ್ಯಾಂಪಿನಾಗ ಎಲ್ಲಾರಿಗೂ ಚಹಾ ಕೊಟ್ಟೀನಿ.”

ವಿಶ್ವಾಸ ತಲೆ ಎತ್ತಲಿಲ್ಲ. “ಗೊತ್ತದ.”

“ಗೊತ್ತದ?”

“ಮುಬಶ್ಶಿರಾ ಹೇಳಿದ್ಲು, ತಿರುಗಿ ಬರೋವಾಗ. ಕಡೀಗಿ ಆಕಿಗೂ ಒಂದು ಕಪ್ ಕೊಟ್ಟಿದ್ರಂತ.”

ಯಶೋಧರಾ ಎದ್ದು ನಿಂತಳು. “ಗೊತ್ತಿದ್ದೂ ರಿಪೋರ್ಟ್ ಕೊಟ್ರಾ? ಗೊತ್ತಿದ್ದೂ ಪುಡಿ ಮಾರಿದ್ರಾ?”

“ಅಷ್ಟೂ ರಕ್ತ ಚೆಲ್ಲಿ, ಎಲ್ಲಾರಿಗೂ ರೊಕ್ಕ ತಿರುಗಿ ಕೊಟ್ಟು, ಬೋರ್ಡ್ ಇಳಿಸಿ ಮನ್ಯಾಗ ಕೂಡಬೇಕಿತ್ತಾ? ಪುಡಿ ಕುಡದು ಯಾರು ಸತ್ತಾರ?”

“ಸುಮಂಗಲಾ ಬಿದ್ದಾಳ,” ಎಂದಳು ತುಳಜಾಬಾಯಿ.

“ಚಹಾ ಕೊಡು ಅಂತ ನಾ ಹೇಳಿದ್ನಾ? ಮಾಡಿದ್ದು ನೀ, ಅನಸಿಕೊಳ್ಳೋದು ನಾ?”

“ಮಾಡಿದ್ದು ನಾನೇ. ಅದಕ್ಕ ಹೇಳಾಕಿನೂ ನಾನೇ. ಆಯ್ತಾರ ಊರಿಗಿ ಹೋಗಿ ಎಲ್ಲಾರ ಮುಂದ ಹೇಳ್ತೀನಿ.”

ದೇವಿಂದ್ರಪ್ಪ ಗದರಿದ: “ಹೆತ್ತ ಮಗನ ಹೊಟ್ಟಿ ಮ್ಯಾಲ ಹೊಡೀತೀ ಏನ? ನಾಕು ದಿನಕ್ಕ ಮಂದಿ ಮರೀತಾರ, ಸುಮ್ನಿರು.”

“ಮಂದಿ ಮರೀತಾರ್ರೀ, ನಾ ಮರೀಲಾರೆ. ತುಳಜಕ್ಕ ಹೇಳ್ಯಾಳ ಅಂತ ಆ ಹೆಣ್ಣಮಕ್ಕಳು ರೊಟ್ಟಿ ಬಿಟ್ಟಾರ. ಬೋರ್ಡಿನ ಮ್ಯಾಲ ಇವನ ಹೆಸರದ, ಖರೇ. ಅಲ್ಲಿ ಮಾರಿದ್ದು ನನ್ನ ಹೆಸರು. ನನ್ನ ಹೆಸರು ಮಾರಾಕ ನಾ ಯಾರಿಗೂ ಕೊಟ್ಟಿಲ್ಲ.”

“ಹೋದ್ರ ನಾ ಈ ಮನ್ಯಾಗ ಉಣ್ಣಂಗಿಲ್ಲ,” ಎಂದ ವಿಶ್ವಾಸ.

“ಖಾನಾವಳಿ ಬೇಕಾದಷ್ಟು ಅವ,” ಎಂದಳು ತಾಯಿ.

ಭಾನುವಾರ ಅತ್ತೆ ಸೊಸೆ ಇಬ್ಬರೂ ಕಮಲಾಪುರದಲ್ಲಿ ಇಳಿದರು. ಸುಧಾಕರ ಮನೆಮನೆಗೆ ಹೇಳಿ ಕಳಿಸಿದ್ದ. ಕೇರಿಯವರು ಬಂದರು, ಮೇಲಿನ ಓಣಿಯವರೂ ಬಂದರು. ಗೌಡಸಾನಿ ಕೂಡ ಸೊರಗಿದ್ದಳು, ಆದರೆ ಗತ್ತು ಸೊರಗಿರಲಿಲ್ಲ.

ತುಳಜಾಬಾಯಿ ಪಡಸಾಲೆಯ ಮೆಟ್ಟಿಲ ಮೇಲೆ ನಿಂತಳು. ಭಾಷಣ ಗೊತ್ತಿಲ್ಲದ ಹೆಂಗಸು, ನೇರ ಮಾತಿಗೆ ಇಳಿದಳು. “ಅಂದು ನಾ ನಿಮಗೆಲ್ಲಾ ಚಹಾ ಕೊಟ್ಟೆ. ಚಹಾ ಕುಡದ ರಕ್ತ ಈ ಟೆಸ್ಟಿಗಿ ಬರಂಗಿಲ್ಲಂತ. ತಪ್ಪು ನಂದು. ಆ ರಿಪೋರ್ಟ್ ಹರದು ಒಗೀರಿ. ಪುಡಿ ಬಿಡ್ರಿ, ಹೊಟ್ಟಿ ತುಂಬ ಉಣ್ರಿ. ಬರೋ ಆಯ್ತಾರ ನನ್ನ ಮಗ ಬಂದು ಪುಕ್ಕಟೆ ಮತ್ತ ಟೆಸ್ಟ್ ಮಾಡ್ತಾನ. ಅವತ್ತ ನೀರು ಬಿಟ್ಟು ಏನೂ ಮುಟ್ಟಬ್ಯಾಡ್ರಿ.”

ಯಶೋಧರಾ ಅತ್ತೆಯ ಸೆರಗು ಜಗ್ಗಿದಳು. ಪುಕ್ಕಟೆಯ ಮಾತನ್ನು ವಿಶ್ವಾಸನಿಗೆ ಯಾರೂ ಹೇಳಿಯೇ ಇರಲಿಲ್ಲ.

ಕೇರಿಯ ಹೆಂಗಸರಲ್ಲಿ ಗುಜುಗುಜು ಎದ್ದಿತು. ಒಬ್ಬಳು ಬೈದಳು, ಒಬ್ಬಳು ನಕ್ಕಳು, ಒಬ್ಬಳು ಅಲ್ಲಿಂದಲೇ ಮನೆಗೆ ಓಡಿ ರೊಟ್ಟಿ ಹುಡುಕಿದಳು. ಮೇಲಿನ ಓಣಿಯ ಹೆಂಗಸರು ಮಾತ್ರ ತಿರುಗಿ ನೋಡಿದರು. ಹಿಂದೆ ಗಂಡಸರೂ ಬಂದು ನಿಂತಿದ್ದರು, ಗೌಡಸಾನಿಯ ಮೈದುನನೂ ಇದ್ದ. “ಈ ಮನ್ಯಾಗ ಚಹಾ ಕುಡದೀರೇನು ವೈನಿ?” ಎಂದು ಅವನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಗುರುಬಸವ್ವ ಸೆರಗು ಸರಿ ಮಾಡಿಕೊಂಡಳು. “ನಾ ಇಲ್ಲಿ ಚಹಾ ಕುಡದೇ ಇಲ್ಲ. ನಮ್ಮ ಓಣಿ ಯಾರೂ ಕುಡದಿಲ್ಲ. ಸುಳ್ಳು ಹೇಳ್ತಾಳ ತುಳಜಾ.”

ಅವಳ ಹಿಂದಿನ ತಲೆಗಳೆಲ್ಲ ಹೌದು ಹೌದು ಎಂದವು. ಎರಡು ಸುತ್ತು ಕುಡಿದವರೂ ಎಂದರು.

ತುಳಜಾಬಾಯಿಗೆ ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿನ ನೀರು. ಆ ಒಂದು ಬೆಳಗಿನ ಖುಷಿಗೆ ಅವಳು ಮಗನ ಲ್ಯಾಬನ್ನೇ ಮುಳುಗಿಸಿದ್ದಳು, ಈಗ ಆ ಖುಷಿಯೇ ಆಗಿಲ್ಲವಂತೆ. ಬೊಗಸೆ ಒಡ್ಡಿದ್ದ ಹುಡುಗಿಯಾಗಿದ್ದರೆ ತಲೆ ತಗ್ಗಿಸುತ್ತಿದ್ದಳೇನೋ. ಅವಳು ಸೆರಗಿನಿಂದ ಕಣ್ಣೊರೆಸಿ ನಕ್ಕುಬಿಟ್ಟಳು.

“ಆಯ್ತವ್ವಾರ. ನೀವು ಕುಡದಿಲ್ಲ. ಹಂಗಿದ್ರ ನಿಮ್ಮ ರಕ್ತ ಬರೋಬ್ಬರಿ ಖಾಲಿ ಹೊಟ್ಟೀದು. ನಿಮ್ಮ ರಿಪೋರ್ಟ್ ಖರೇ. ನಿಮಗ ಬ್ಯಾನಿ ಬರೋದೂ ಖರೇ. ಪುಡಿ ಬಿಡಬ್ಯಾಡ್ರಿ ಮತ್ತ, ಮೂರು ತಿಂಗಳು ಕುಡೀರಿ. ರೊಟ್ಟಿ ಮುಟ್ಟಬ್ಯಾಡ್ರಿ. ಪುಕ್ಕಟೆ ಟೆಸ್ಟ್ ಏನಿದ್ರೂ ನನ್ನ ಚಹಾ ಕುಡದವರಿಗಷ್ಟೇ.”

ಕೇರಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಗೌಡಸಾನಿಯ ಸೊಸೆ ನೆಲ ನೋಡಿದಳು, ಅವಳ ತುಟಿಯೂ ಅಲುಗುತ್ತಿತ್ತು.

ಬಸ್ಸಿನಲ್ಲಿ ಯಶೋಧರಾ, “ಅತ್ತಿ, ಅದು ದವಾಖಾನಿ ಕೆಲಸ. ಹಟ ಮಾಡಬಾರದು,” ಎಂದಳು.

“ಹಟ ನಂದೇನ? ಬಾಯಿ ಅವರಿಗೂ ಅದ. ಕುಡಿಯಾಕ ತೆರೆದಿತ್ತು, ಹೇಳಾಕ ತೆರೀಲಿ.”

ಮನೆಯಲ್ಲಿ ವಿಶ್ವಾಸ ಸಿಟ್ಟಿನಿಂದ ಕುಣಿದಾಡಿದ. ಪುಕ್ಕಟೆ ಎಂಬ ಮಾತಿಗಂತೂ ಪುಡಿಯ ಪೆಟ್ಟಿಗೆಯನ್ನು ಒದ್ದ. ಮೂರು ದಿನ ಖಾನಾವಳಿಯಲ್ಲೇ ಉಂಡ, ನಾಲ್ಕನೇ ದಿನ ಹೊಟ್ಟೆ ಕೆಟ್ಟು ಮಜ್ಜಿಗೆ ಅನ್ನಕ್ಕೆ ಅಡುಗೆಮನೆಗೆ ಬಂದ. ತುಳಜಾಬಾಯಿ ಬಡಿಸಿದಳು.

“ನೀ ಬರದಿದ್ರ ಬ್ಯಾಡ,” ಎಂದಳು. “ನಾ ಬ್ಯಾರೆ ಲ್ಯಾಬಿನವರಿಗಿ ಹೇಳ್ತೀನಿ. ನನ್ನ ಬಂಗಾರದ ಬೋರಮಾಳ ಅದ, ಅದನ್ನ ಮಾರತೀನಿ.”

“ನನ್ನ ಕ್ಯಾಂಪಿನ ತಪ್ಪು ಬ್ಯಾರೆಯವರು ತಿದ್ದೋದಾ? ಖೂಬಾ ಪ್ಲಾಟಿನಾಗ ಮುಖ ಎತ್ತಿ ಹ್ಯಾಂಗ ತಿರುಗಲಿ ನಾ?”

“ಅದನ್ನೇ ನಾ ಕೇಳಾಕತ್ತೀನಿ.”

ವಿಶ್ವಾಸ ಉಂಡು ಕೈ ತೊಳೆದ. “ಬರ್ತೀನಿ,” ಎಂದ, ಬೈದಂತೆ. ಪುಡಿಯ ಕಂಪನಿಗೆ ಏನು ಹೇಳುತ್ತಾನೋ, ಬೋರ್ಡು ಉಳಿಯುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ದೇವಿಂದ್ರಪ್ಪ ಮಾತ್ರ ಪೇಪರಿನ ಹಿಂದಿನಿಂದ, “ಮಾತು ಕೇಳಲಾರದ ಬ್ಯಾನಿ ಇಡೀ ಮನಿತನಕ್ಕ ಹತ್ಯದ,” ಎಂದು ಗೊಣಗಿದ.

ಮುಂದಿನ ಭಾನುವಾರ ಸುಧಾಕರನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತುಳಜಾಬಾಯಿ ಬಾಗಿಲಲ್ಲೇ ಕುಳಿತಿದ್ದಳು. ಕೇರಿಯವರದೆಲ್ಲ ಮುಗಿಯಿತು. ಸುಮಂಗಲಾ ರಕ್ತ ಕೊಟ್ಟವಳೇ ಎರಡು ಕೆಂಪು ಬಾಳೆಹಣ್ಣು ಒಟ್ಟಿಗೇ ಸುಲಿದಳು. ಮೇಲಿನ ಓಣಿಯಿಂದ ಮೊದಲು ಗೌಡಸಾನಿಯ ಸೊಸೆ ಬಂದಳು. “ನಾ ಎರಡು ಕಪ್ ಕುಡದೀನಿ,” ಎಂದು ಕೇಳುವ ಮೊದಲೇ ಹೇಳಿ ಒಳಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಒಬ್ಬಳು ಒಂದು ಕಪ್ಪೆಂದಳು, ಒಬ್ಬಳು ಅರ್ಧವೆಂದಳು.

ವಿಶ್ವಾಸ ಸಾಮಾನು ಕಟ್ಟುವ ಹೊತ್ತಿಗೆ ಗುರುಬಸವ್ವ ಬಂದಳು. ಬಿಸಿಲಿಗೆ ಬೆವರುತ್ತ ಮೆಟ್ಟಿಲ ಕೆಳಗೇ ನಿಂತಳು. ಹಿಂದೆ ಮೈದುನನೂ ಇದ್ದ.

“ನನ್ನದೂ ಒಂದು ತಗೀರಿ.”

ವಿಶ್ವಾಸ ತಾಯಿಯ ಮುಖ ನೋಡಿದ. ಯಶೋಧರಾ, “ಬಿಡ್ರಿ ಅತ್ತಿ, ಸಾಕು,” ಎಂದು ಮೆಲ್ಲಗೆ ಅಂದಳು.

ತುಳಜಾಬಾಯಿ ಬಾಗಿಲು ಬಿಟ್ಟು ಏಳಲಿಲ್ಲ. “ಯಾಕವ್ವಾರ? ನಿಮ್ಮ ರಿಪೋರ್ಟ್ ಖರೇ ಅದ ಅಲ್ಲ?”

ಗೌಡಸಾನಿ ಏನೋ ಗೊಣಗಿದಳು.

“ಕೇಳಸಲಿಲ್ಲರೀ.”

ಗುರುಬಸವ್ವ ಮೈದುನನ ಕಡೆ ತಿರುಗಿದಳು. ನಾಲ್ಕು ವಾರದ ಹಸಿವು, ಬಿಸಿಲು, ಸಿಟ್ಟು ಎಲ್ಲ ಒಟ್ಟಿಗೇ ಅವಳ ಗಂಟಲಿಗೆ ಬಂತು. “ಕುಡದೀನಿ! ತುಳಜಾನ ಕೈಯಾಗಿನ ಚಹಾ ಕುಡದೀನಿ, ಬಸಿಗಿ ಸುರಕೊಂಡು ಕುಡದೀನಿ. ಏನೀಗ?”

ಮೈದುನ ಎರಡು ಹೆಜ್ಜೆ ಹಿಂದೆ ಸರಿದ.

“ಏನಿಲ್ಲರೀ,” ಎಂದಳು ತುಳಜಾಬಾಯಿ, ಎದ್ದು ದಾರಿ ಬಿಟ್ಟು. “ಒಳಗ ಬರ್ರಿ. ಕೈ ಚಾಚ್ರಿ.”